‘ವಂಚನೆ’ ಎಂದು ಐಡಿ ಬ್ಲಾಕ್ ಆಗಿದೆ, ಕಾರಣ ಹೇಳುತ್ತಿಲ್ಲ: ಕಂಪನಿಯಿಂದ ಏನನ್ನು ಕೇಳಬಹುದು?

ಓದುಗರ ಪ್ರಶ್ನೆ

“ಸರ್, ನಾನು ಅರಕಲಗೂಡು ಕಡೆಯವನು. ನಾಲ್ಕು ವರ್ಷದಿಂದ ಬೆಂಗಳೂರಲ್ಲಿ ಫುಡ್ ಡೆಲಿವರಿ ಮಾಡ್ತಿದ್ದೀನಿ. ಹೋದ ತಿಂಗಳು ಫೋನ್ ಕೆಟ್ಟಿತು ಅಂತ ಎಸ್.ಪಿ. ರೋಡಲ್ಲಿ ಸೆಕೆಂಡ್ ಹ್ಯಾಂಡ್ ಫೋನ್ ತಗೊಂಡೆ. ಎರಡು ವಾರ ಆದ್ಮೇಲೆ ಒಂದಿನ ಲಾಗಿನ್ ಆಗೋಕೆ ಹೋದ್ರೆ ‘ವಂಚನೆಯ ಚಟುವಟಿಕೆ ಕಂಡುಬಂದಿರುವುದರಿಂದ ನಿಮ್ಮ ಖಾತೆಯನ್ನು ಶಾಶ್ವತವಾಗಿ ನಿಷ್ಕ್ರಿಯಗೊಳಿಸಲಾಗಿದೆ’ ಅಂತ ಬಂತು. ಆ ವಾರದ ₹6,840 ಕೂಡ ತಡೆದಿದ್ದಾರೆ. ಚಾಟ್‌ನಲ್ಲಿ ಎಷ್ಟು ಸಲ ಕೇಳಿದ್ರೂ ‘ಭದ್ರತಾ ಕಾರಣಗಳಿಂದ ವಿವರ ನೀಡಲಾಗದು’ ಅಂತ ಒಂದೇ ಉತ್ತರ. ಟೀಮ್ ಲೀಡರ್ ‘ಸಿಸ್ಟಮ್ ಮಾಡಿದೆ, ನನ್ನ ಕೈಲಿಲ್ಲ’ ಅಂತಾರೆ. ರೂಮ್‌ಮೇಟ್ ಕೂಡ ಇದೇ ಕಂಪನಿ, ಇಬ್ಬರೂ ಒಂದೇ ಹಾಟ್‌ಸ್ಪಾಟ್ ಬಳಸ್ತೀವಿ, ಅದೇ ತಪ್ಪಾಯ್ತಾ? ಟೆಲಿಗ್ರಾಂ ಗ್ರೂಪಲ್ಲಿ ಒಬ್ಬ ₹3,000 ಕೊಟ್ರೆ ಅನ್‌ಬ್ಲಾಕ್ ಮಾಡಿಸ್ತೀನಿ ಅಂತಾನೆ. ತಮ್ಮನ ಆಧಾರ್‌ನಲ್ಲಿ ಹೊಸ ಐಡಿ ಮಾಡ್ಕೋ ಅಂತ ಸ್ನೇಹಿತರು ಹೇಳ್ತಾರೆ. ಬೈಕ್ ಇಎಂಐ ಕಟ್ಟಬೇಕು. ನಾನು ಏನು ತಪ್ಪು ಮಾಡಿದ್ದೀನಿ ಅಂತ ಹೇಳೋ ಹೊಣೆ ಕಂಪನಿಗೆ ಇಲ್ವಾ?”

ಉತ್ತರ

ಮೊದಲು ತುರ್ತಿನ ಮಾತು. ಆ ₹3,000 ಕೊಡಬೇಡಿ. ತಮ್ಮನ ಆಧಾರ್ ಮುಟ್ಟಬೇಡಿ. ಫೋನನ್ನು ರೀಸೆಟ್ ಮಾಡಬೇಡಿ, ಆ್ಯಪ್ ಅಳಿಸಬೇಡಿ. ನಿಮ್ಮ ಪರವಾಗಿ ನಿಲ್ಲಬಲ್ಲ ಸಾಕ್ಷ್ಯ ಈಗ ಹೆಚ್ಚಾಗಿ ಆ ಫೋನಿನಲ್ಲೇ ಇದೆ.

ಇನ್ನು ಮುಖ್ಯ ಪ್ರಶ್ನೆ. ಕಾರಣ ಹೇಳುವ ಹೊಣೆ ಕಂಪನಿಗೆ ಇದೆ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ, ಕರ್ನಾಟಕದಲ್ಲಿ ಈಗ ಅದಕ್ಕೆ ಕಾನೂನಿನ ಬೆಂಬಲವೂ ಇದೆ. ಆದರೆ ‘ಕಾರಣ’ ಎಂಬ ಒಂದೇ ಪದದಡಿ ಎರಡು ಬೇರೆ ಸಂಗತಿಗಳು ಸೇರಿಕೊಂಡಿವೆ. ಒಂದು, ವಂಚನೆ ಪತ್ತೆ ವ್ಯವಸ್ಥೆ ಹೇಗೆ ಲೆಕ್ಕ ಹಾಕುತ್ತದೆ, ಎಷ್ಟು ಅಂಕ ಬಂದರೆ ಬ್ಲಾಕ್ ಮಾಡುತ್ತದೆ ಎಂಬುದು. ಇನ್ನೊಂದು, ನೀವು ಯಾವ ದಿನ, ಯಾವ ಆರ್ಡರ್‌ನಲ್ಲಿ ಏನು ಮಾಡಿದಿರಿ ಎಂದು ಕಂಪನಿ ಆರೋಪಿಸುತ್ತಿದೆ ಎಂಬುದು. ಮೊದಲನೆಯದನ್ನು ಗುಟ್ಟಾಗಿಡಲು ನ್ಯಾಯವಾದ ಕಾರಣವಿದೆ. ಎರಡನೆಯದನ್ನು ಮುಚ್ಚಿಡಲು ಇಲ್ಲ. ಕಂಪನಿಗಳು ಮೊದಲನೆಯದರ ನೆಪ ಹೇಳಿ ಎರಡನ್ನೂ ಮುಚ್ಚಿಡುತ್ತವೆ. ನೀವೂ ಕೇಳುವಾಗ ಎರಡನ್ನೂ ಬೆರೆಸಿ ಕೇಳಿದರೆ ‘ಭದ್ರತಾ ಕಾರಣ’ ಎಂಬ ಉತ್ತರ ಕೊಡುವುದು ಅವರಿಗೆ ಸುಲಭವಾಗುತ್ತದೆ.

ಒಳಗೆ ಏನಾಗಿರಬಹುದು

ಡೆಲಿವರಿ ಕಂಪನಿಗಳು ನಿಜಕ್ಕೂ ಎದುರಿಸುವ ಮೋಸಗಳು ಗೊತ್ತಿರುವಂಥವೇ. ನಕಲಿ ಜಿಪಿಎಸ್ ಆ್ಯಪ್ ಹಾಕಿ ಮನೆಯಲ್ಲಿ ಕೂತು ‘ತಲುಪಿದೆ’ ಎಂದು ಒತ್ತುವುದು, ಊಟ ಕೊಡದೆ ‘ಡೆಲಿವರ್ಡ್’ ಮಾಡುವುದು, ಇನ್ಸೆಂಟಿವ್‌ಗಾಗಿ ಪರಿಚಯದವರಿಂದಲೇ ಆರ್ಡರ್ ಹಾಕಿಸುವುದು, ಒಬ್ಬರ ಐಡಿಯನ್ನು ಇನ್ನೊಬ್ಬರಿಗೆ ಬಾಡಿಗೆ ಕೊಡುವುದು, ಬ್ಲಾಕ್ ಆದವರು ಬೇರೆ ಹೆಸರಲ್ಲಿ ಮತ್ತೆ ಸೇರುವುದು. ಇವನ್ನು ಹಿಡಿಯಲು ವ್ಯವಸ್ಥೆ ನೋಡುವುದು ಸುಳಿವುಗಳನ್ನು: ಫೋನಿನ ಗುರುತು, ಸ್ಥಳದ ದಾಖಲೆ, ಸೆಲ್ಫಿ ಹೊಂದಾಣಿಕೆ, ಹಣ ಹೋಗುವ ಬ್ಯಾಂಕ್ ಖಾತೆ, ಗ್ರಾಹಕರ ದೂರು. ಒಂದೊಂದಕ್ಕೂ ಅಂಕ ಬೀಳುತ್ತದೆ. ಮೊತ್ತ ಮಿತಿ ದಾಟಿದರೆ ಖಾತೆ ನಿಲ್ಲುತ್ತದೆ.

ನಿಮ್ಮ ಪತ್ರ ಓದಿದಾಗ ನನಗೆ ಮೊದಲು ಅನುಮಾನ ಬಂದದ್ದು ಹಾಟ್‌ಸ್ಪಾಟ್ ಮೇಲಲ್ಲ, ಆ ಸೆಕೆಂಡ್ ಹ್ಯಾಂಡ್ ಫೋನ್ ಮೇಲೆ. ಹೇಗೆಂದರೆ, ಆಂಡ್ರಾಯ್ಡ್ 10ರಿಂದೀಚೆಗೆ ಸಾಮಾನ್ಯ ಆ್ಯಪ್‌ಗಳಿಗೆ ಐಎಂಇಐ (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ) ಓದಲು ಅನುಮತಿ ಇಲ್ಲ. ಆಂಡ್ರಾಯ್ಡ್ ಐಡಿ ಎಂಬ ಇನ್ನೊಂದು ಗುರುತು ಫ್ಯಾಕ್ಟರಿ ರೀಸೆಟ್ ಆದರೆ ಬದಲಾಗುತ್ತದೆ. ಹಾಗಾಗಿ ವಂಚನೆ ಪತ್ತೆ ಮಾಡುವವರು ರೀಸೆಟ್ ಆದರೂ ಉಳಿಯುವ ಗುರುತುಗಳನ್ನು ಹುಡುಕುತ್ತಾರೆ. ಸಿನಿಮಾ, ವಿಡಿಯೊಗಳ ನಕಲು ತಡೆಯಲು ಫೋನಿನಲ್ಲಿರುವ ವೈಡ್‌ವೈನ್ ಎಂಬ ವ್ಯವಸ್ಥೆಯ ಗುರುತು ಅಂಥದ್ದೊಂದು. ಬಹುತೇಕ ಫೋನ್‌ಗಳಲ್ಲಿ ರೀಸೆಟ್ ಮಾಡಿದರೂ ಅದು ಬದಲಾಗುವುದಿಲ್ಲ. ಆ ಫೋನಿನ ಹಿಂದಿನ ಮಾಲೀಕ ಇದೇ ಕಂಪನಿಯಲ್ಲಿದ್ದು ಬ್ಲಾಕ್ ಆಗಿದ್ದರೆ, ‘ಬ್ಲಾಕ್ ಆದವನು ಹೊಸ ಹೆಸರಲ್ಲಿ ಮರಳಿದ್ದಾನೆ’ ಎಂದು ವ್ಯವಸ್ಥೆ ನಿಮ್ಮನ್ನು ಓದಿರಬಹುದು. ಡೆಲಿವರಿ ಬಿಟ್ಟವರ ಫೋನ್‌ಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆ ಮೂಲಕ ಮತ್ತೆ ಡೆಲಿವರಿ ಮಾಡುವವರ ಕೈಗೇ ಬರುವುದು ಅಪರೂಪವೇನಲ್ಲ. ಹಿಂದಿನವನು ಫೋನನ್ನು ರೂಟ್ ಮಾಡಿದ್ದರೆ ಅಥವಾ ಬೂಟ್‌ಲೋಡರ್ ತೆರೆದಿದ್ದರೆ, ಅಂದರೆ ಫೋನಿನ ಮೂಲ ತಂತ್ರಾಂಶದ ಬೀಗ ತೆಗೆದಿದ್ದರೆ, ಅದೂ ಒಂದು ಕೆಟ್ಟ ಅಂಕ.

ಹಾಟ್‌ಸ್ಪಾಟ್ ವಿಷಯ ಅಷ್ಟು ಗಂಭೀರವಲ್ಲ. ನಮ್ಮ ಮೊಬೈಲ್ ಜಾಲಗಳಲ್ಲಿ ಸಾವಿರಾರು ಗ್ರಾಹಕರು ಒಂದೇ ಸಾರ್ವಜನಿಕ ಐಪಿ ವಿಳಾಸದ (ಇಂಟರ್ನೆಟ್‌ನಲ್ಲಿ ಕಾಣುವ ವಿಳಾಸ ಸಂಖ್ಯೆ) ಹಿಂದೆ ಇರುತ್ತಾರೆ. ಆದ್ದರಿಂದ ಬರೀ ಐಪಿ ಹೊಂದಿಕೆ ನೋಡಿ ಬ್ಲಾಕ್ ಮಾಡುವ ವ್ಯವಸ್ಥೆ ಇಲ್ಲಿ ಒಂದು ದಿನವೂ ನಡೆಯದು. ಆದರೆ ಒಂದೇ ಫೋನಿನಲ್ಲಿ ಇಬ್ಬರೂ ಲಾಗಿನ್ ಆಗಿದ್ದರೆ ಅಥವಾ ಇಬ್ಬರ ಹಣವೂ ಒಂದೇ ಬ್ಯಾಂಕ್ ಖಾತೆಗೆ ಹೋಗಿದ್ದರೆ ಅದು ಬೇರೆ ಮಾತು. ನಿಮ್ಮ ಫೋನ್ ಕೆಟ್ಟು ಹೊಸದು ತರುವ ನಡುವೆ ರೂಮ್‌ಮೇಟ್ ಫೋನಲ್ಲಿ ಒಮ್ಮೆಯಾದರೂ ಲಾಗಿನ್ ಆಗಿದ್ದಿರಾ? ನೆನಪಿಸಿಕೊಳ್ಳಿ. ಆಗಿದ್ದರೆ ಮೇಲ್ಮನವಿಯಲ್ಲಿ ನೀವೇ ಹೇಳಿಬಿಡಿ, ಅವರ ದಾಖಲೆಯಲ್ಲಿ ಅದು ಇದ್ದೇ ಇರುತ್ತದೆ.

ಸ್ಥಳದ ದಾಖಲೆಯಲ್ಲಿ ಅಮಾಯಕರು ಸಿಕ್ಕಿಬೀಳುವ ಕಡೆಗಳೂ ಗೊತ್ತಿರುವಂಥವೇ. ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲಿ ಸೆಕ್ಯೂರಿಟಿಯವರು ಗೇಟಲ್ಲೇ ನಿಲ್ಲಿಸುತ್ತಾರೆ, ಗ್ರಾಹಕರು ‘ಗಾರ್ಡ್ ಹತ್ರ ಕೊಟ್ಟುಹೋಗಿ’ ಅನ್ನುತ್ತಾರೆ, ನೀವು ಗೇಟಲ್ಲಿ ‘ಡೆಲಿವರ್ಡ್’ ಒತ್ತುತ್ತೀರಿ. ಗ್ರಾಹಕರ ಕಟ್ಟಡ ಇರುವುದು ಗೇಟಿನಿಂದ 300 ಮೀಟರ್ ದೂರದಲ್ಲಿ, ಹಾಗಾಗಿ ತಲುಪದೆ ಒತ್ತಿದ ಹಾಗೆ ದಾಖಲಾಗುತ್ತದೆ. ನೆಲಮಾಳಿಗೆಯ ಪಾರ್ಕಿಂಗ್‌ನಿಂದ ಹೊರಬಂದಾಗ ಜಿಪಿಎಸ್ ಒಮ್ಮೆಗೇ ಅರ್ಧ ಕಿಲೋಮೀಟರ್ ಜಿಗಿದಂತೆ ಕಾಣುತ್ತದೆ. ಬ್ಯಾಟರಿ ಸೇವರ್ ಹಾಕಿದ್ದರೆ ಫೋನ್ ಹಿನ್ನೆಲೆಯಲ್ಲಿ ಸ್ಥಳ ಕಳಿಸುವುದನ್ನೇ ನಿಲ್ಲಿಸುತ್ತದೆ, ಮತ್ತೆ ಶುರುವಾದಾಗ ಅದೂ ಜಿಗಿತ. ಡೆವಲಪರ್ ಆಯ್ಕೆಗಳಲ್ಲಿ ‘ಮಾಕ್ ಲೊಕೇಶನ್’ (ಸುಳ್ಳು ಸ್ಥಳ ತೋರಿಸುವ) ಆ್ಯಪ್ ಆಯ್ಕೆ ಆಗಿದ್ದರಂತೂ ನೇರವಾಗಿ ಮೋಸದ ಪಟ್ಟಿಗೆ ಸೇರುತ್ತೀರಿ. ಹಳೆಯ ಮಾಲೀಕ ಆ ಸೆಟ್ಟಿಂಗ್ ಬಿಟ್ಟುಹೋಗಿದ್ದಾನೋ ನೋಡಿ. ಇದ್ದರೆ ಬದಲಿಸುವ ಮೊದಲು ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಮಳೆಯಲ್ಲಿ ರೇನ್‌ಕೋಟ್ ಹಾಕಿ ರಾತ್ರಿ ತೆಗೆದ ಸೆಲ್ಫಿ ಹೊಂದದೇ ಹೋಗುವುದು ಎಲ್ಲರಿಗೂ ಗೊತ್ತಿರುವುದೇ.

ಅಮಾಯಕರು ಇಷ್ಟು ಸಂಖ್ಯೆಯಲ್ಲಿ ಹೇಗೆ ಸಿಕ್ಕಿಬೀಳುತ್ತಾರೆ ಎಂಬುದಕ್ಕೆ ಒಂದು ಉದಾಹರಣೆಯ ಲೆಕ್ಕ ನೋಡಿ. 1,00,000 ಕೆಲಸಗಾರರಲ್ಲಿ ಶೇ 1ರಷ್ಟು, ಅಂದರೆ 1,000 ಜನ ನಿಜಕ್ಕೂ ಮೋಸ ಮಾಡುವವರು ಎಂದುಕೊಳ್ಳಿ. ವ್ಯವಸ್ಥೆ ಬಹಳ ಚೆನ್ನಾಗಿದ್ದು ಅವರಲ್ಲಿ ಶೇ 90ರಷ್ಟು ಜನರನ್ನು ಹಿಡಿಯಿತು, 900. ಉಳಿದ 99,000 ಪ್ರಾಮಾಣಿಕರಲ್ಲಿ ಬರೀ ಶೇ 2ರಷ್ಟು ಜನರ ವಿಷಯದಲ್ಲಿ ತಪ್ಪಿತು, 1,980. ಒಟ್ಟು 2,880 ಖಾತೆ ಹಿಡಿದಾಗ ಅದರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಅಮಾಯಕರದ್ದು! ಅಂಕಿಗಳು ಕಂಪನಿಯಿಂದ ಕಂಪನಿಗೆ ಬೇರೆ, ಒಳ್ಳೆಯ ತಂಡಗಳು ತಪ್ಪನ್ನು ಇದಕ್ಕಿಂತ ಬಹಳ ಕಡಿಮೆ ಮಾಡುತ್ತವೆ. ಆದರೂ ಮೋಸ ಮಾಡುವವರು ಕಡಿಮೆ ಇರುವ ಕಡೆ ತಪ್ಪು ಬ್ಲಾಕ್‌ಗಳು ಆಗಿಯೇ ತೀರುತ್ತವೆ ಎಂಬುದು ಬದಲಾಗುವುದಿಲ್ಲ. ಈ ಕೆಲಸದಲ್ಲಿರುವ ಯಾರಿಗೂ ಇದು ಹೊಸ ವಿಷಯವಲ್ಲ. ತಪ್ಪಾಗುತ್ತದೆ ಎಂದು ಗೊತ್ತಿದ್ದೂ ‘ಶಾಶ್ವತ, ಕಾರಣ ಹೇಳುವುದಿಲ್ಲ’ ಎಂಬ ಸಂದೇಶ ಕಳಿಸುವುದನ್ನು ನಾನು ಒಪ್ಪುವುದಿಲ್ಲ.

ಕಂಪನಿ ಹೇಳುವುದರಲ್ಲಿ ಎಷ್ಟು ನಿಜ?

‘ಕಾರಣ ಹೇಳಿದರೆ ಮೋಸಗಾರರು ಕಲಿತುಬಿಡುತ್ತಾರೆ.’ ಇದರಲ್ಲಿ ನಿಜವಿದೆ. ಸಂಘಟಿತ ತಂಡಗಳು ಹತ್ತಾರು ಐಡಿ ಇಟ್ಟುಕೊಂಡು ಒಂದೊಂದರಲ್ಲೂ ಒಂದೊಂದು ಪ್ರಯೋಗ ಮಾಡುತ್ತವೆ. ‘ಒಂದು ಗಂಟೆಯಲ್ಲಿ ಇಷ್ಟು ಜಿಗಿತಕ್ಕಿಂತ ಹೆಚ್ಚಾದರೆ ಬ್ಲಾಕ್’ ಎಂದು ಹೇಳಿದರೆ ನಾಳೆಯಿಂದ ಒಂದು ಕಡಿಮೆ ಮಾಡುತ್ತಾರೆ. ಹಾಗಾಗಿ ಮಿತಿ, ಅಂಕ, ಯಾವ ಸುಳಿವಿಗೆ ಎಷ್ಟು ತೂಕ ಎಂಬುದನ್ನು ಕಂಪನಿ ಹೇಳಬೇಕಿಲ್ಲ, ಹೇಳಬಾರದು ಕೂಡ. ಆದರೆ ‘ಇಂಥ ತಾರೀಖು, ಈ ಆರ್ಡರ್ ಸಂಖ್ಯೆ, ನೀವು ಗ್ರಾಹಕರ ವಿಳಾಸದಿಂದ ದೂರದಲ್ಲಿದ್ದಾಗ ಡೆಲಿವರಿ ದಾಖಲಾಗಿದೆ’ ಎಂದು ಹೇಳಿದರೆ ಯಾವ ಗುಟ್ಟು ರಟ್ಟಾಗುತ್ತದೆ? ಮೋಸ ಮಾಡಿದವನಿಗೆ ತಾನು ಮಾಡಿದ್ದು ಗೊತ್ತೇ ಇದೆ. ಗೊತ್ತಿಲ್ಲದಿರುವುದು ಮಾಡದವನಿಗೆ ಮಾತ್ರ.

‘ಕಾನೂನೇ ಹೇಳಬಾರದು ಅನ್ನುತ್ತದೆ.’ ಬ್ಯಾಂಕುಗಳ ವಿಷಯದಲ್ಲಿ ಇದು ಒಂದು ಮಟ್ಟಿಗೆ ನಿಜ. ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆ, 2002ರ ಅಡಿಯಲ್ಲಿ ಅನುಮಾನಾಸ್ಪದ ವಹಿವಾಟಿನ ವರದಿಯನ್ನು ಕೇಂದ್ರದ ಹಣಕಾಸು ಗುಪ್ತಚರ ಘಟಕಕ್ಕೆ ಕಳಿಸಿದ್ದರೆ, ಅದನ್ನು ಬ್ಯಾಂಕ್ ಗ್ರಾಹಕನಿಗೆ ತಿಳಿಸುವಂತಿಲ್ಲ. ಊಟ ತಲುಪಿಸುವವರ ಇನ್ಸೆಂಟಿವ್ ಅಥವಾ ಜಿಪಿಎಸ್ ತಕರಾರಿಗೂ ಆ ನಿಯಮಕ್ಕೂ ಸಂಬಂಧವಿಲ್ಲ.

‘ಎಐ ಯಾಕೆ ಹಾಗೆ ನಿರ್ಧರಿಸಿತು ಅಂತ ನಮಗೂ ಗೊತ್ತಿಲ್ಲ.’ ಇದನ್ನು ನಂಬಬೇಡಿ. ಬಹುತೇಕ ಕಡೆ ಬ್ಲಾಕ್ ಆಗುವಾಗಲೇ ಒಂದು ಕಾರಣ ಸಂಕೇತ ದಾಖಲಾಗುತ್ತದೆ, ಯಾವ ಸುಳಿವುಗಳು ಅಂಕವನ್ನು ಏರಿಸಿದವು ಎಂಬುದನ್ನು ಹೊರತೆಗೆಯುವ ವಿಧಾನಗಳೂ ಬಳಕೆಯಲ್ಲಿವೆ. ಅಮೆರಿಕದಲ್ಲಿ ಸಾಲದ ಅರ್ಜಿ ತಿರಸ್ಕರಿಸಿದರೆ ಅರ್ಜಿದಾರನಿಗೆ ಮುಖ್ಯ ಕಾರಣಗಳನ್ನು ನಿರ್ದಿಷ್ಟವಾಗಿ ತಿಳಿಸಬೇಕೆಂಬ ನಿಯಮ ದಶಕಗಳಿಂದ ಇದೆ. ಅಲ್ಲಿನ ಬ್ಯಾಂಕುಗಳು ಗಣಕದ ಅಂಕ ನೋಡಿಯೇ ನಿರ್ಧರಿಸಿದರೂ ಕಾರಣ ಬರೆದೇ ಕಳಿಸುತ್ತವೆ.

ನಿಮ್ಮ ಜೊತೆ ಚಾಟ್ ಮಾಡುವವರಿಗೆ ಗೊತ್ತಿಲ್ಲ ಎಂಬುದು ಮಾತ್ರ ಸತ್ಯ. ಅವರ ಪರದೆಯ ಮೇಲೆ ಬರುವುದು ಒಂದು ಕೆಂಪು ಗುರುತು ಮತ್ತು ಕಳಿಸಬೇಕಾದ ಸಿದ್ಧ ವಾಕ್ಯ. ಅವರ ಮೇಲೆ ರೇಗಿ ಪ್ರಯೋಜನವಿಲ್ಲ. ಕೇಳಬೇಕಾದ್ದು ವಂಚನೆ ಪತ್ತೆ ನೋಡಿಕೊಳ್ಳುವ ರಿಸ್ಕ್ ತಂಡಕ್ಕೆ ವರ್ಗಾಯಿಸಿ ಎಂದು, ಪಡೆಯಬೇಕಾದ್ದು ಟಿಕೆಟ್ ಸಂಖ್ಯೆ.

‘ಮನುಷ್ಯರೇ ಪರಿಶೀಲಿಸಿದ್ದಾರೆ.’ ಈ ಮಾತು ಕೋರ್ಟಿನಲ್ಲಿ ಬಿದ್ದುಹೋದ ಉದಾಹರಣೆ ಇದೆ. ಯುರೋಪಿನ ಊಬರ್ ಚಾಲಕರು, ವಂಚನೆಯ ಹೆಸರಿನಲ್ಲಿ ತಮ್ಮ ಖಾತೆ ಮುಚ್ಚಿದ್ದನ್ನು ಪ್ರಶ್ನಿಸಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮೊಕದ್ದಮೆ ಹೂಡಿದ್ದರು. 2023ರ ಏಪ್ರಿಲ್‌ನಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ, ಕಂಪನಿ ತೋರಿಸಿದ ಮಾನವ ಪರಿಶೀಲನೆ ಹೆಚ್ಚುಕಡಿಮೆ ಸಾಂಕೇತಿಕ ಮಾತ್ರ ಎಂದು ಹೇಳಿ ಬಹುಮಟ್ಟಿಗೆ ಚಾಲಕರ ಪರ ತೀರ್ಪಿತ್ತಿತು. ಅದೇ ದಿನಗಳಲ್ಲಿ ಬೆಂಗಳೂರಿನಲ್ಲಿ ಮುಖ್ಯ ಕಚೇರಿ ಇರುವ ಓಲಾ ಕಂಪನಿಯ ವಿರುದ್ಧದ ಪ್ರಕರಣದಲ್ಲೂ, ಚಾಲಕರಿಗೆ ಕೊಡುವ ‘ವಂಚನೆ ಸಾಧ್ಯತೆಯ ಅಂಕ’ದ ಬಗ್ಗೆ ಮಾಹಿತಿ ಕೊಡಬೇಕೆಂದು ಆದೇಶವಾಯಿತು. ವ್ಯಾಪಾರದ ಗುಟ್ಟು ಎಂಬ ವಾದ ಅಲ್ಲಿ ನಿಲ್ಲಲಿಲ್ಲ. 2025ರ ಫೆಬ್ರವರಿಯಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಆಸ್ಟ್ರಿಯಾದ ಸಾಲದ ಅಂಕದ ಪ್ರಕರಣವೊಂದರಲ್ಲಿ ಇನ್ನೂ ಸ್ಪಷ್ಟವಾಗಿ ಹೇಳಿತು: ಗಣಿತದ ಸೂತ್ರ ಎತ್ತಿ ಕೈಗೆ ಕೊಟ್ಟರೆ ವಿವರಣೆಯಾಗದು, ಆ ವ್ಯಕ್ತಿಯ ಯಾವ ಮಾಹಿತಿಯನ್ನು ಹೇಗೆ ಬಳಸಲಾಯಿತು ಎಂಬುದು ಅವನಿಗೆ ಅರ್ಥವಾಗಬೇಕು, ಗುಟ್ಟಿನ ಭಾಗವಿದ್ದರೆ ಅದನ್ನು ನ್ಯಾಯಾಲಯದ ಮುಂದಿಡಿ, ಎಷ್ಟು ತಿಳಿಸಬೇಕೆಂದು ಅದು ತೂಗಿ ನೋಡುತ್ತದೆ. ಈ ಕಾನೂನುಗಳು ನಮಗೆ ಅನ್ವಯಿಸುವುದಿಲ್ಲ. ಆದರೆ ಗುಟ್ಟು ಉಳಿಸಿಕೊಂಡೇ ಕಾರಣ ಹೇಳಲು ಸಾಧ್ಯ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ನಮ್ಮಲ್ಲಿ ಏನಿದೆ

ನೀವು ಕೆಲಸ ಮಾಡುವುದು ಕರ್ನಾಟಕದಲ್ಲಿ. 2025ರಲ್ಲಿ ಮೊದಲು ಸುಗ್ರೀವಾಜ್ಞೆಯಾಗಿ ಬಂದು ಆಮೇಲೆ ವಿಧಾನಮಂಡಲದ ಒಪ್ಪಿಗೆ ಪಡೆದ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ (ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ) ಕಾಯ್ದೆ ನಿಮ್ಮಂತೆ ಆ್ಯಪ್ ಮೂಲಕ ಕೆಲಸ ಮಾಡುವವರಿಗಾಗಿಯೇ ಆದದ್ದು. ಅದರಲ್ಲಿ ನಿಮಗೆ ಬೇಕಾದ ಅಂಶಗಳು ಇವು. ಕೆಲಸದಿಂದ ತೆಗೆಯುವ ಮೊದಲು ಲಿಖಿತವಾಗಿ ಸರಿಯಾದ ಕಾರಣ ಕೊಟ್ಟು 14 ದಿನಗಳ ನೋಟಿಸ್ ನೀಡಬೇಕು; ದೈಹಿಕ ಹಾನಿಯ ಪ್ರಕರಣಗಳಿಗೆ ಇದರಿಂದ ವಿನಾಯಿತಿ ಇದೆ. ಯಾವ ಯಾವ ಕಾರಣಕ್ಕೆ ಖಾತೆ ಮುಚ್ಚಬಹುದು ಎಂಬ ಪಟ್ಟಿ ಕರಾರಿನಲ್ಲೇ ಇರಬೇಕು. ಸ್ವಯಂಚಾಲಿತ ವ್ಯವಸ್ಥೆ ಕೆಲಸಗಾರನ ಮೇಲೆ ನಿಗಾ ಇಡುತ್ತಿದ್ದರೆ, ಅವನ ಕೆಲಸದ ಬಗ್ಗೆ ನಿರ್ಧಾರ ಮಾಡುತ್ತಿದ್ದರೆ ಅದನ್ನು ಅವನಿಗೆ ತಿಳಿಸಬೇಕು. ತಕರಾರು ಕೇಳಲು ಕಂಪನಿಯೊಳಗೆ ವ್ಯಾಜ್ಯ ಪರಿಹಾರ ಸಮಿತಿ ಇರಬೇಕು. ಅದರ ಹೊರಗೆ ಸರ್ಕಾರ ಗೊತ್ತುಮಾಡಿದ ಅಧಿಕಾರಿಗೂ ಅರ್ಜಿ ಕೊಡಬಹುದು.

ಕಂಪನಿಗಳು ನುಣುಚಿಕೊಳ್ಳುವ ದಾರಿಯೊಂದು ಇಲ್ಲೂ ಇದೆ. ‘ನಿಮ್ಮನ್ನು ತೆಗೆದಿಲ್ಲ, ಖಾತೆಯನ್ನು ಅಮಾನತಿನಲ್ಲಿಟ್ಟಿದ್ದೇವೆ ಅಷ್ಟೆ’ ಎಂದು ತಿಂಗಳುಗಟ್ಟಲೆ ಎಳೆಯುವುದು. ನಿಮಗೆ ಬಂದ ಸಂದೇಶದಲ್ಲಿ ‘ಶಾಶ್ವತವಾಗಿ’ ಎಂಬ ಪದ ಇದೆಯಲ್ಲ, ಅದು ನಿಮಗೆ ಅನುಕೂಲ. ತಾರೀಖು, ಸಮಯ ಕಾಣುವಂತೆ ಅದರ ಸ್ಕ್ರೀನ್‌ಶಾಟ್ ಇಂದೇ ತೆಗೆದು ನಿಮ್ಮ ಇಮೇಲ್‌ಗೆ ಕಳಿಸಿಕೊಳ್ಳಿ.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ರ ಬಗ್ಗೆ ಕೆಲವರು ನಿಮಗೆ ಆಸೆ ಹುಟ್ಟಿಸಬಹುದು. ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ. ಮಾಹಿತಿ ಕೇಳುವ, ತಿದ್ದಿಸುವ ಹಕ್ಕುಗಳು ಜಾರಿಗೆ ಬರುವುದು ಅಲ್ಲಿಂದ 18 ತಿಂಗಳಿಗೆ. ಬಂದ ಮೇಲೂ ಅಪರಾಧ ತಡೆ ಮತ್ತು ಪತ್ತೆಗಾಗಿ ಬಳಸುವ ದತ್ತಾಂಶಕ್ಕೆ ವಿನಾಯಿತಿ ಇದೆ, ಕಂಪನಿ ಅದನ್ನೇ ಹಿಡಿದುಕೊಳ್ಳುತ್ತದೆ. ಗ್ರಾಹಕರ ವೇದಿಕೆಯೂ ನಿಮಗೆ ಹೊಂದದು. ಈ ವ್ಯವಹಾರದಲ್ಲಿ ನೀವು ಗ್ರಾಹಕರಲ್ಲ, ಸೇವೆ ಕೊಡುವವರು. ರಾಜ್ಯದ ಗಿಗ್ ಕಾಯ್ದೆಯೇ ನಿಮಗೆ ಗಟ್ಟಿ ನೆಲ.

(ಬ್ಯಾಂಕ್ ಅಥವಾ ವಾಲೆಟ್ ಖಾತೆ ತಡೆಯಾಗಿರುವ ಓದುಗರಿಗೆ ದಾರಿ ಬೇರೆ. ಸೈಬರ್ ವಂಚನೆಯ 1930 ಸಹಾಯವಾಣಿಗೆ ಯಾರೋ ಕೊಟ್ಟ ದೂರಿನಿಂದ ನಿಮ್ಮ ಖಾತೆಯ ಹಣಕ್ಕೆ ತಡೆ ಬಿದ್ದಿದ್ದರೆ ದೂರಿನ ಸ್ವೀಕೃತಿ ಸಂಖ್ಯೆ, ಯಾವ ರಾಜ್ಯದ ಯಾವ ಠಾಣೆ, ಎಷ್ಟು ಮೊತ್ತ ಎಂಬುದನ್ನು ಬ್ಯಾಂಕಿನಿಂದ ಲಿಖಿತವಾಗಿ ಪಡೆಯಿರಿ. ಆ ಮೊತ್ತಕ್ಕಷ್ಟೇ ತಡೆ ಇರಲಿ, ಉಳಿದದ್ದು ಬಿಡಿ ಎಂದು ಕೇಳಿ. ಬ್ಯಾಂಕೇ ತಾನಾಗಿ ನಿಲ್ಲಿಸಿದ್ದರೆ ಮೊದಲು ಬ್ಯಾಂಕಿಗೆ ಲಿಖಿತ ದೂರು. 30 ದಿನ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನ ತಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲಿ ದೂರು ಕೊಡಬಹುದು, ಶುಲ್ಕವಿಲ್ಲ.)

ಈಗ ಮಾಡಬೇಕಾದ್ದು

ಮೊದಲು ಸಾಕ್ಷ್ಯ ಕೂಡಿಸಿ. ಬ್ಲಾಕ್ ಆದ ದಿನದಿಂದ ಹಿಂದಕ್ಕೆ 15 ದಿನಗಳ ಆರ್ಡರ್ ಸಂಖ್ಯೆಗಳು ಸಿಕ್ಕಷ್ಟು: ಎಸ್‌ಎಂಎಸ್, ಕಾಲ್ ದಾಖಲೆ, ಆ್ಯಪ್‌ನ ಸ್ಕ್ರೀನ್‌ಶಾಟ್ ಯಾವುದರಿಂದಾದರೂ ಸರಿ. ಗೂಗಲ್ ಮ್ಯಾಪ್ಸ್‌ನಲ್ಲಿ ಟೈಮ್‌ಲೈನ್ ಚಾಲೂ ಇದ್ದರೆ ಆ ದಿನಗಳ ಓಡಾಟದ ಸ್ಕ್ರೀನ್‌ಶಾಟ್. ಇದು ಈಗ ಫೋನಿನಲ್ಲೇ ಉಳಿಯುತ್ತದೆ, ಸೆಟ್ಟಿಂಗ್‌ಗೆ ತಕ್ಕಂತೆ ಕೆಲವು ತಿಂಗಳಲ್ಲಿ ತಾನಾಗಿ ಅಳಿಸಿಹೋಗಬಹುದು, ಅದಕ್ಕೇ ರೀಸೆಟ್ ಬೇಡ ಎಂದದ್ದು. ಪೆಟ್ರೋಲ್ ಬಂಕಿನ ಯುಪಿಐ ಪಾವತಿಗಳು ನೀವು ಯಾವ ಹೊತ್ತಿಗೆ ಎಲ್ಲಿದ್ದಿರಿ ಎಂಬುದನ್ನು ತೋರಿಸುತ್ತವೆ. ಫೋನ್ ಕೊಂಡ ಅಂಗಡಿಯ ಬಿಲ್ ಬೇಕೇ ಬೇಕು. ಬಿಲ್ ಕೊಟ್ಟಿಲ್ಲವಾದರೆ ಅಂಗಡಿಗೆ ಹೋಗಿ ತಾರೀಖು ಮತ್ತು ಐಎಂಇಐ ಬರೆಸಿ ಸಹಿ ಹಾಕಿಸಿಕೊಳ್ಳಿ. *#06# ಒತ್ತಿದರೆ ಐಎಂಇಐ ಕಾಣುತ್ತದೆ. ದುಡ್ಡು ಯುಪಿಐನಲ್ಲಿ ಕೊಟ್ಟಿದ್ದರೆ ಅದರ ದಾಖಲೆಯೂ ಸೇರಲಿ. ಆ ಫೋನ್ ನಿಮ್ಮ ಕೈಗೆ ಬಂದದ್ದು ಯಾವ ದಿನ ಎಂಬುದನ್ನು ಸಾಬೀತು ಮಾಡಿದರೆ, ಅದಕ್ಕೂ ಹಿಂದಿನ ಪಾಪ ನಿಮ್ಮ ತಲೆಗೆ ಬರುವುದಿಲ್ಲ.

ನಂತರ ಒಂದೇ ಒಂದು ಮೇಲ್ಮನವಿ, ಸರಿಯಾಗಿ ಬರೆದದ್ದು. ದಿನಕ್ಕೆ ಹತ್ತು ಟಿಕೆಟ್ ಹಾಕಿದರೆ ಬಹಳ ಕಡೆ ಅವೆಲ್ಲ ಒಂದರಲ್ಲೇ ಸೇರಿ ‘ಈಗಾಗಲೇ ಉತ್ತರಿಸಲಾಗಿದೆ’ ಎಂದು ಮುಚ್ಚಿಹೋಗುತ್ತವೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಕಷ್ಟದಲ್ಲಿರುವವರು ಸಾಮಾನ್ಯವಾಗಿ ಬರೆಯುವುದು ‘ಸರ್ ತಪ್ಪಾಯ್ತು, ಇನ್ನೊಂದು ಚಾನ್ಸ್ ಕೊಡಿ, ಮನೆ ಕಷ್ಟ’ ಎಂದು. ಅವರ ಮನಸ್ಸಿನಲ್ಲಿ ಅದು ವಿನಯ. ಪರಿಶೀಲಿಸುವವರ ಕಣ್ಣಿಗೆ ಅದು ತಪ್ಪೊಪ್ಪಿಗೆ, ಹಾಗೆಂದೇ ದಾಖಲಾಗುತ್ತದೆ, ಮುಂದೆ ಯಾವ ಸಮಿತಿಯ ಮುಂದೆ ಹೋದರೂ ಮೊದಲು ಅದೇ ಹೊರಬರುತ್ತದೆ. ಮಾಡದ ತಪ್ಪಿಗೆ ಕ್ಷಮೆ ಕೇಳಬೇಡಿ. ಹೀಗೆ ಬರೆಯಿರಿ:

“ನನ್ನ ಐಡಿ ಸಂಖ್ಯೆ ಇದು. ಇಂಥ ದಿನಾಂಕದಂದು ‘ವಂಚನೆ’ ಎಂಬ ಕಾರಣ ನೀಡಿ ನನ್ನ ಖಾತೆಯನ್ನು ಶಾಶ್ವತವಾಗಿ ನಿಷ್ಕ್ರಿಯಗೊಳಿಸಿದ್ದೀರಿ. ನಾನು ಯಾವುದೇ ವಂಚನೆ ಮಾಡಿಲ್ಲ. ನಿಮ್ಮ ಪತ್ತೆ ವ್ಯವಸ್ಥೆಯ ಮಿತಿ ಅಥವಾ ಅಂಕವನ್ನು ನಾನು ಕೇಳುತ್ತಿಲ್ಲ. ಈ ಐದು ವಿಷಯಗಳನ್ನು ಲಿಖಿತವಾಗಿ ತಿಳಿಸಿ: ಕರಾರಿನ ಯಾವ ಷರತ್ತನ್ನು ನಾನು ಮುರಿದಿದ್ದೇನೆ; ಯಾವ ದಿನಾಂಕ, ಯಾವ ಆರ್ಡರ್ ಅಥವಾ ಯಾವ ಘಟನೆ; ಈ ನಿರ್ಧಾರ ಸ್ವಯಂಚಾಲಿತವೇ, ಯಾವ ಹುದ್ದೆಯವರು ಅದನ್ನು ಪರಿಶೀಲಿಸಿದ್ದಾರೆ; ಯಾವ ದಾಖಲೆ ಕೊಟ್ಟರೆ ಮರುಪರಿಶೀಲನೆ ಆಗುತ್ತದೆ; ನಾನು ಈಗಾಗಲೇ ಮುಗಿಸಿದ ಆರ್ಡರ್‌ಗಳ ₹6,840 ಯಾವಾಗ ಪಾವತಿಯಾಗುತ್ತದೆ. ಇಂಥ ದಿನಾಂಕದಂದು ನಾನು ಹಳೆಯ ಫೋನ್ ಬದಲಿಸಿ ಬಳಸಿದ ಫೋನ್ ಕೊಂಡಿದ್ದೇನೆ, ಬಿಲ್ ಲಗತ್ತಿಸಿದೆ. ಆ ಫೋನಿನ ಹಿಂದಿನ ಬಳಕೆದಾರರಿಗೂ ನನಗೂ ಸಂಬಂಧವಿಲ್ಲ. ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆಯಂತೆ ಲಿಖಿತ ಕಾರಣ ಮತ್ತು 14 ದಿನಗಳ ನೋಟಿಸ್ ನನಗೆ ಸಿಕ್ಕಿಲ್ಲ. ಈ ಅರ್ಜಿಯನ್ನು ನಿಮ್ಮ ಒಳ ವ್ಯಾಜ್ಯ ಪರಿಹಾರ ಸಮಿತಿಯ ಮುಂದಿಡಬೇಕಾಗಿ ಕೋರುತ್ತೇನೆ.”

ಮಿತಿ ಕೇಳುತ್ತಿಲ್ಲ ಎಂಬ ಆ ವಾಕ್ಯ ಬಿಡಬೇಡಿ. ಭದ್ರತೆಯ ನೆಪಕ್ಕೆ ಅದು ಮೊದಲೇ ಬಾಗಿಲು ಹಾಕುತ್ತದೆ. ಪತ್ರವನ್ನು ಆ್ಯಪ್‌ನ ಸಹಾಯ ಚಾಟ್‌ನಲ್ಲಿ ಹಾಕಿ, ಕಂಪನಿಯ ಜಾಲತಾಣದಲ್ಲಿ ಹೆಸರಿರುವ ಕುಂದುಕೊರತೆ ಅಧಿಕಾರಿಗೆ ಇಮೇಲ್ ಮಾಡಿ, ನೋಂದಾಯಿತ ಕಚೇರಿಗೆ ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ ರಸೀದಿ ಇಟ್ಟುಕೊಳ್ಳಿ. ಕನ್ನಡದಲ್ಲೇ ಬರೆಯಬಹುದು. ಹೊರ ರಾಜ್ಯದ ತಂಡ ಓದುವುದಾದರೆ ತಡವಾಗದಿರಲಿ ಎಂದು ಇಂಗ್ಲಿಷ್ ಪ್ರತಿಯೊಂದನ್ನು ಜೊತೆಗಿಡಿ.

ಹಣದ ವಿಷಯವನ್ನು ಖಾತೆಯ ವಿಷಯದಿಂದ ಬೇರೆ ಇಡಿ. ನಿಮ್ಮನ್ನು ಮತ್ತೆ ಸೇರಿಸಿಕೊಳ್ಳುವುದು ಬಿಡುವುದರಲ್ಲಿ ಕಂಪನಿಗೆ ಒಂದಿಷ್ಟು ಸ್ವಾತಂತ್ರ್ಯ ಇರಬಹುದು, ಆದರೆ ಮುಗಿಸಿದ ಕೆಲಸದ ಹಣ ಸಾಲ ಇದ್ದ ಹಾಗೆ. ಯಾವುದೋ ಎರಡು ಆರ್ಡರ್ ಬಗ್ಗೆ ತಕರಾರಿದ್ದರೆ ಆ ಎರಡರ ಮೊತ್ತ ಹಿಡಿಯಲಿ, ಇಡೀ ವಾರದ್ದನ್ನು ಯಾಕೆ ಹಿಡಿಯಬೇಕು? ನಗದು ಆರ್ಡರ್‌ಗಳ ಹಣ ನಿಮ್ಮ ಬಳಿ ಬಾಕಿ ಇದ್ದರೆ ಅದನ್ನು ತಕ್ಷಣ ಕಟ್ಟಿ ರಸೀದಿ ಪಡೆಯಿರಿ. ಕಟ್ಟದೆ ಉಳಿದರೆ ಅದನ್ನೇ ‘ಹಣ ದುರುಪಯೋಗ’ ಎಂದು ತೋರಿಸಿ ಮೊದಲಿನ ಆರೋಪ ಗಟ್ಟಿ ಮಾಡುತ್ತಾರೆ.

ಇನ್ನು ನೀವು ಕೇಳಿದ ಅಡ್ಡದಾರಿಗಳು. ಟೆಲಿಗ್ರಾಂನ ಆ ವ್ಯಕ್ತಿಗೆ ಕಂಪನಿಯೊಳಗೆ ಯಾರೂ ಗೊತ್ತಿರುವ ಸಾಧ್ಯತೆ ಬಹಳ ಕಡಿಮೆ. ದುಡ್ಡು ತೆಗೆದುಕೊಂಡ ಮೇಲೆ ಒಟಿಪಿ ಕೇಳುತ್ತಾನೆ, ನಿಮ್ಮ ದಾಖಲೆಗಳ ಫೋಟೊ ಕೇಳುತ್ತಾನೆ, ಅವುಗಳಲ್ಲಿ ಬೇರೆ ಐಡಿ ತೆರೆಯುತ್ತಾನೆ. ಈಗಾಗಲೇ ಕೊಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ತಮ್ಮನ ಆಧಾರ್ ದಾರಿ ಇದಕ್ಕಿಂತ ಕೆಟ್ಟದ್ದು. ಈಗ ನಿಮ್ಮ ಮೇಲಿರುವುದು ಬಹುಶಃ ಸುಳ್ಳು ಅನುಮಾನ, ಹಾಗೆ ಮಾಡಿದರೆ ಅದು ನಿಜವಾದ ಅಪರಾಧವಾಗುತ್ತದೆ. ಗಣಕ ಸಾಧನ ಬಳಸಿ ಬೇರೆಯವರ ಸೋಗಿನಲ್ಲಿ ವಂಚಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಡಿ ಮೂರು ವರ್ಷದವರೆಗೆ ಜೈಲು, ₹1 ಲಕ್ಷದವರೆಗೆ ದಂಡ. ಅದೇ ಫೋನಿನಿಂದ ಲಾಗಿನ್ ಆದರೆ ಕೆಲವೇ ದಿನಗಳಲ್ಲಿ ಸಿಕ್ಕಿಬೀಳುತ್ತೀರಿ. ತಮ್ಮನ ಹೆಸರೂ ಕಪ್ಪುಪಟ್ಟಿಗೆ ಹೋಗುತ್ತದೆ, ನಾಳೆ ಅವನೇ ಕೆಲಸಕ್ಕೆ ಸೇರಬೇಕೆಂದರೂ ಆಗದು. ರಸ್ತೆಯಲ್ಲಿ ಏನಾದರೂ ಆದರೆ ಅಪಘಾತ ವಿಮೆ ಇರುವುದು ತಮ್ಮನ ಹೆಸರಲ್ಲಿ, ಆಸ್ಪತ್ರೆಯಲ್ಲಿರುವುದು ನೀವು. ಒಂದು ರೂಪಾಯಿಯೂ ಬರುವುದಿಲ್ಲ.

ಇಎಂಐ ತಪ್ಪದಿರಲು ಬೇರೆ ಕಂಪನಿಗೆ ನಿಮ್ಮದೇ ಹೆಸರಲ್ಲಿ ಸೇರಿಕೊಳ್ಳುವುದರಲ್ಲಿ ತಪ್ಪಿಲ್ಲ. ಇದರಿಂದ ಮೇಲ್ಮನವಿಗೆ ಧಕ್ಕೆ ಆಗದು. ಸಾಧ್ಯವಾದರೆ ಅಲ್ಲಿಗೆ ಬೇರೆ ಫೋನ್ ಬಳಸಿ, ಈ ಫೋನನ್ನು ಹಾಗೇ ಇಟ್ಟುಕೊಂಡಿರಿ.

ಕಂಪನಿಯಿಂದ ‘ಪರಿಶೀಲಿಸಿ ನಿರ್ಧಾರ ಎತ್ತಿಹಿಡಿಯಲಾಗಿದೆ’ ಎಂಬ ಸಾಲು ಮಾತ್ರ ಬಂದರೆ, ಅಥವಾ ಏನೂ ಬಾರದೆ ಎರಡು ವಾರ ಕಳೆದರೆ, ಪತ್ರ, ರಸೀದಿ, ಸ್ಕ್ರೀನ್‌ಶಾಟ್ ಎಲ್ಲ ಸೇರಿಸಿ ಕಾರ್ಮಿಕ ಇಲಾಖೆಗೆ ಹೋಗಿ, ಗಿಗ್ ಕಾಯ್ದೆಯಡಿ ಅರ್ಜಿ ಕೊಡಬೇಕು ಎಂದು ಹೇಳಿ. ಇದು ಹೊಸ ಕಾಯ್ದೆ, ಕೌಂಟರಿನಲ್ಲಿರುವ ಎಲ್ಲರಿಗೂ ಪರಿಚಯ ಇರದಿರಬಹುದು. ಅರ್ಜಿಯ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಬರಬೇಡಿ. ಬೆಂಗಳೂರಿನ ಗಿಗ್ ಕಾರ್ಮಿಕರ ಸಂಘಗಳು ಇಂಥ ಅರ್ಜಿಗಳಲ್ಲಿ ಜೊತೆಗೆ ಬರುತ್ತವೆ. ಒಂದೇ ವಾರ, ಒಂದೇ ರೀತಿ ಬ್ಲಾಕ್ ಆದ ಹಲವರು ಒಟ್ಟಿಗೆ ಬಂದರೆ ವ್ಯವಸ್ಥೆಯ ದೋಷ ತೋರಿಸುವುದು ಬಹಳ ಸುಲಭ, ಹಾಗಾಗಿ ನಿಮ್ಮ ಏರಿಯಾದ ಹುಡುಗರನ್ನು ವಿಚಾರಿಸಿ.

ವಕೀಲರ ನೋಟಿಸ್ ಕೊನೆಯ ಮೆಟ್ಟಿಲು. ₹6,840ಕ್ಕಾಗಿ ಕೈಯಿಂದ ಅಷ್ಟೇ ಖರ್ಚು ಮಾಡುವುದು ಬೇಡ. ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100ಕ್ಕೆ ಕರೆ ಮಾಡಿದರೆ ಉಚಿತ ನೆರವು ಸಿಗುತ್ತದೆಯೇ ತಿಳಿಯುತ್ತದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಮತ್ತು ಮಹಿಳೆಯರಿಗೆ ಆದಾಯದ ಮಿತಿ ಇಲ್ಲದೆಯೇ ಸಿಗುತ್ತದೆ, ಇನ್ನೂ ಕೆಲವು ವರ್ಗಗಳಿಗೂ ಹಾಗೆಯೇ; ಉಳಿದವರಿಗೆ ಮಿತಿ ಇದೆ. ಹೋಗುವಾಗ ಸೇರಿದಾಗ ಒಪ್ಪಿದ ಕರಾರಿನ ಪ್ರತಿ ಒಯ್ಯಿರಿ. ಅದರಲ್ಲಿ ಮಧ್ಯಸ್ಥಿಕೆಯ (ಕೋರ್ಟಿನ ಹೊರಗೆ ಮಧ್ಯಸ್ಥಗಾರರ ಮುಂದೆ ತಕರಾರು ತೀರಿಸಿಕೊಳ್ಳುವ) ಷರತ್ತು ಇದೆಯೇ, ಯಾವ ಊರಿನ ನ್ಯಾಯಾಲಯ ಎಂದು ಬರೆದಿದೆ ಎಂಬುದನ್ನು ಅವರು ಮೊದಲು ನೋಡುತ್ತಾರೆ. ಲಾಗಿನ್ ಆಗುತ್ತಿಲ್ಲವಾದ್ದರಿಂದ ಕರಾರು ನಿಮಗೆ ಸಿಗದಿದ್ದರೆ, ಮೇಲಿನ ಪತ್ರಕ್ಕೆ ಆರನೆಯ ಬೇಡಿಕೆಯಾಗಿ ಅದರ ಪ್ರತಿಯನ್ನೂ ಕೇಳಿ.